ಸೋಪುನೀರಿನ ಮೇಲೆ ಹಗ್ಗಜಗ್ಗಾಟ

ಘರ್ಷಣೆಯೇ ಇಲ್ಲದ ನೆಲವೊಂದನ್ನು ಊಹಿಸಿಕೊಳ್ಳಿ ಎಂದು ಶಿವಮೊಗ್ಗದ ಪಿಯುಸಿ ಮಕ್ಕಳಿಗೆ ಪ್ರತಿವರ್ಷವೂ ಹೇಳುತ್ತೇನೆ. ಅಂಥ ನೆಲದ ಮೇಲೆ ಇಬ್ಬರು ಕೂತು ಹಗ್ಗ ಹಿಡಿದರೆ, ಎಳೆಯುವವರು ಒಬ್ಬರೇ ಆದರೂ ಜಾರುವುದು ಇಬ್ಬರೂ. ತೂಕದವರು ಕಡಿಮೆ ಜಾರುತ್ತಾರೆ, ಹಗುರವಾದವರು ಹೆಚ್ಚು. ಈ ಪಾಠವನ್ನು ಮನೆಯಲ್ಲಿಯೂ ಹೇಳಿದ್ದು ನನ್ನ ಬುದ್ಧಿವಂತಿಕೆ.

ಮನೆ ಭದ್ರಾವತಿಯಲ್ಲಿ. ನನ್ನ ಗಂಡನ ಕಾರ್ಖಾನೆ ಅಲ್ಲೇ ಪಕ್ಕದಲ್ಲಿ. ಬಸ್ಸಿನಲ್ಲಿ ನೇತಾಡುವ ಭಾಗ್ಯ ನನ್ನದು. ಶಿವಮೊಗ್ಗದಲ್ಲೊಂದು ಬಾಡಿಗೆ ಮನೆ ನೋಡಿಟ್ಟಿದ್ದೆ. "ಅಮ್ಮ ಈ ಊರು ಬಿಟ್ಟು ಬರಲ್ಲ ಮಾರಾಯ್ತಿ" ಎನ್ನುವುದೊಂದೇ ಇವರ ಉತ್ತರ.

ಯುಗಾದಿಯ ಹಿಂದಿನ ದಿನ ಹಾಲ್ ತೊಳೆಯುತ್ತಿದ್ದೆವು. ಗ್ರಾನೈಟ್ ನೆಲದ ತುಂಬ ಸೋಪುನೀರು. ಇವರಿಗೆ ಏನನ್ನಿಸಿತೋ, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದರು.

"ನಿನ್ನ ಪಾಠ ನೋಡೇಬಿಡೋಣ. ಕಡಿಮೆ ಜಾರಿದೋರ ಊರಲ್ಲಿ ಮನೆ. ಆಯ್ತಾ?"

ಇವರ ಹೊಟ್ಟೆ ನೋಡಿದರೆ ಫಲಿತಾಂಶ ಯಾರಿಗಾದರೂ ಗೊತ್ತಾಗುತ್ತಿತ್ತು. ಇವರು ನೀರಿನ ನಡುವೆ ಕೂತರು. ನಾನು ಬಾಗಿಲ ಕಡೆ ಸರಿದು, ಅತ್ತೆ ಆಗಷ್ಟೇ ಒರೆಸಿಟ್ಟಿದ್ದ ಒಣ ಹೊಸ್ತಿಲ ಮೇಲೆ ಸೀರೆ ಹರಡಿ ಗಟ್ಟಿಯಾಗಿ ಕೂತೆ. ಮರದ ಹೊಸ್ತಿಲಿಗೆ ಘರ್ಷಣೆ ಧಾರಾಳವಾಗಿತ್ತು. ಇವರು ಎಳೆದರು. ನಾನು ಅಲ್ಲಾಡಲಿಲ್ಲ, ಇವರೇ ಸರ್ರನೆ ಜಾರಿ ನನ್ನ ಕಾಲ ಬುಡಕ್ಕೆ ಬಂದರು. ಆ ಮುಖ ನೋಡಬೇಕಿತ್ತು! ನಾನು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು.

"ಅಯ್ಯೋ, ನಾಳೆ ಹಬ್ಬ ಇಟ್ಕೊಂಡು ಹೊಸ್ತಿಲ ಮೇಲೆ ಕೂತಿದೀಯಲ್ಲೇ! ಏಳು ಮೊದ್ಲು!"

ಗಡಬಡಿಸಿ ಎದ್ದವಳು ಜಾರಿ ಸೋಪುನೀರಿಗೆ ಬಿದ್ದೆ. ಮೋಸ ಬಯಲಾಯಿತೆಂದು ಇವರಿಗೆ ಖುಷಿಯೋ ಖುಷಿ. ಪಂದ್ಯ ಯಾತಕ್ಕೆಂದು ಅಮ್ಮನಿಗೆ ವಿವರವಾಗಿ ಹೇಳಿದರು.

ಅತ್ತೆ ನಗಲಿಲ್ಲ.

"ನಾನು ಬರಲ್ಲ ಅಂತ ಯಾವಾಗ ಹೇಳ್ದೆನೋ?"

ಇವರು ಹಗ್ಗದ ಗಂಟು ಬಿಚ್ಚತೊಡಗಿದರು. ಹಗ್ಗದಲ್ಲಿ ಗಂಟೇ ಇರಲಿಲ್ಲ. ಮದುವೆಯಾದಾಗಿನಿಂದ ನಮ್ಮ ಜಗಳವೆಲ್ಲ ಅತ್ತೆಯ ಹೆಸರಿನಲ್ಲೇ ನಡೆದಿತ್ತು. ಅವರನ್ನು ಇವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

"ಆ ಮನೆ ಅಡುಗೆಮನೆಗೆ ಕಿಟಕಿ ಇದೆಯೇನೇ?" ಅತ್ತೆ ನನ್ನನ್ನು ಕೇಳಿದರು.

"ಇದೆ ಅತ್ತೆ. ರಸ್ತೆ ಕಡೆಗೆ, ದೊಡ್ಡದು."

"ಇಷ್ಟು ವರ್ಷ ಗೋಡೆ ನೋಡ್ಕೊಂಡೇ ಅಡುಗೆ ಮಾಡಿದೀನಿ ಕಣೇ. ಹಬ್ಬ ಮುಗೀಲಿ, ಹೋಗಿ ನೋಡ್ಕೊಂಡು ಬರೋಣ. ಇವನು ಬಂದ್ರೆ ಬರ್ಲಿ."