ಮಂತ್ರಿಗಳ ಮುಂದೆ ತಿಂದ ಬದನೆ

ಸಂಶೋಧನಾ ಕೇಂದ್ರದ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ಕೈರುಚಿ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಆ ಒಲೆಯ ಮುಂದೆಯೇ ಸಾಕಿ, ಮದುವೆಯನ್ನೂ ಮಾಡಿದ್ದಳು. ಈಗ ಅವಳಿಗೆ ಬೇಕಾಗಿದ್ದುದು ಒಂದೇ: ಮಗಳ ಬಾಣಂತನಕ್ಕೆ ರಜೆ.

"ನಾಳೆ ಮಂತ್ರಿಗಳು ಬರ್ತಾರೆ. ಅದೊಂದು ದಾಟಿಸ್ಕೊಡು, ಆಮೇಲೆ ನೋಡೋಣ," ಎಂದರು ನಿರ್ದೇಶಕರು, ತಲೆಯೆತ್ತದೆ.

ಕೇಂದ್ರದ ಹೊಲದಲ್ಲಿ ಹೊಸ ಬದನೆ ಬೆಳೆದಿತ್ತು. ಕಾಯಿ ಕೊರೆದ ಹುಳು ತಾನೇ ಸಾಯುವಂತೆ ಬೀಜದಲ್ಲೇ ಮಾರ್ಪಾಡು ಮಾಡಿದ ತಳಿ. ಒಪ್ಪಿಗೆ ಕೊಡಿ ಎಂದು ಒಳಗಿನವರು, ಕೊಡಬೇಡಿ ಎಂದು ಗೇಟಿನಾಚೆಯ ಹೋರಾಟಗಾರರು. ಮಂತ್ರಿಗಳು ಬಂದಾಗ ಕೈರುಚಿ ಅದನ್ನು ಹುರಿದು ತಟ್ಟೆಯಲ್ಲಿ ತಂದಿಟ್ಟಳು. ಕ್ಯಾಮೆರಾಗಳು ಮುತ್ತಿಕೊಂಡವು. ಮಂತ್ರಿಗಳಿಗೆ ಇದ್ದಕ್ಕಿದ್ದಂತೆ ಹೊಟ್ಟೆ ಭಾರ. ನಿರ್ದೇಶಕರಿಗೆ ಹಲ್ಲುನೋವು.

"ಮಾಡಿದವಳೇ ಮೊದಲು ತಿನ್ಲಿ," ಎಂದರು ಮಂತ್ರಿಗಳು ಉದಾರವಾಗಿ.

ಅವಳು ತಿಂದಳು. ಉಪ್ಪು ಒಂದು ಚೂರು ಕಮ್ಮಿ ಅನ್ನಿಸಿತು, ಅಷ್ಟೆ. ರಜೆ ಸಿಕ್ಕಿತು.

ಮರುದಿನ ಅವಳು ಬಾಯಿ ತೆರೆದ ಫೋಟೊ ಪತ್ರಿಕೆಯಲ್ಲಿ ಬಂತು. ಹೋರಾಟಗಾರರು ಅದನ್ನೇ ದೊಡ್ಡದು ಮಾಡಿ, "ವಿಷ ತಿಂದ ಬಡವಿ" ಎಂದು ಬರೆದು ಗೋಡೆಗೋಡೆಗೂ ಅಂಟಿಸಿದರು. ಅಳಿಯನ ಬೀದಿಯ ಗೋಡೆಯನ್ನೂ ಬಿಡಲಿಲ್ಲ.

ಮಗಳಿಗೆ ಹೆರಿಗೆಯಾಯಿತು. ಕೈರುಚಿ ಗಂಟು ಹೊತ್ತು ಓಡಿದರೆ, ಬೀಗಿತ್ತಿ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಲ್ಲಿ ಬೀಗ್ರೆ. ಹುಳ ಸಾಯೋ ಕಾಯಿ ತಿಂದಿದ್ದೀರಿ. ನಮ್ಮ ಕೂಸು ಹುಳಕ್ಕಿಂತ ಎಷ್ಟು ದೊಡ್ಡದು?"

ಅವಳು ನಿರ್ದೇಶಕರ ಬಳಿ ಹೋದಳು. "ಏನೂ ಆಗಲ್ಲ ಅಂತ ಒಂದ್ಮಾತು ಬಂದು ಹೇಳಿ ಸಾರ್."

"ಆ ಬದನೆಗೆ ಸರ್ಕಾರ ತಡೆ ಹಾಕಿದೆಯಮ್ಮ. ಈಗ ನಾವು ಬಾಯಿ ಬಿಡೋ ಹಾಗಿಲ್ಲ. ಹಾಂ, ಇನ್ಮೇಲೆ ಅಡುಗೆಮನೆಗೆ ಬರ್ಬೇಡ. ನಿನ್ನ ಕೈಯೂಟ ಅಂದ್ರೆ ಜನ ಹೆದರ್ತಾರೆ."

ಗೇಟಿನ ಹೊರಗೆ ಹೋರಾಟಗಾರರ ಮುಖಂಡನಿದ್ದ. "ನೋಡಣ್ಣ, ಗುಂಡುಕಲ್ಲಿನ ಹಾಗಿದ್ದೀನಿ. ನೀನಾದ್ರೂ ಹೇಳು."

ಅವನು ನಕ್ಕ. "ನೀವು ಚೆನ್ನಾಗಿದ್ರೆ ನಮಗೇನು ಲಾಭ ಅಕ್ಕಾ? ಒಂದ್ಸಲ ಹೊಟ್ಟೆ ಹಿಡ್ಕೊಂಡು ನಿಲ್ಲಿ, ಫೋಟೊ ತೆಗೀತೀವಿ."

ಅವಳು ಮತ್ತೆ ಅಳಿಯನ ಮನೆಗೆ ನಡೆದಳು. ಬಾಗಿಲು ಹಾಕಿತ್ತು. ಕಿಟಕಿಯಲ್ಲಿ ಮಗಳು, ತೋಳಲ್ಲಿ ಕೂಸು.

"ಯಾಕಮ್ಮಾ ತಿಂದೆ?"

"ನಿನ್ನ ಬಾಣಂತನ ಮಾಡೋಕೆ ಕಣೇ," ಎಂದು ಕೈರುಚಿ ಸರಳುಗಳ ನಡುವೆ ಕೈ ಚಾಚಿದಳು.

ಮಗಳು ಮಗುವಿನ ಮೂಗು ಬಾಯಿಗೆ ಬಟ್ಟೆ ಮುಚ್ಚಿ, ಹಿಂದಕ್ಕೆ ಸರಿದು, "ಅತ್ತೇ" ಎಂದು ಕೂಗಿದಳು.