ಸೀತೆಯ ಮೂಗುತಿ ಕೊರೆದ ಕೈ

ನಾನು ಪಿಎಚ್.ಡಿ. ಮಾಡುತ್ತೇನೆ ಅಂದಾಗ ಆಗಲ್ಲ ಅಂದವನು ನಮ್ಮ ದೊಡ್ಡಪ್ಪ. ಹೊರಗಿನವನಲ್ಲ, ಅಪ್ಪನ ಒಡಹುಟ್ಟಿದ ಅಣ್ಣ. ನಿಟ್ಟೂರಿನ ಮನೆಯ ಜಗಲಿಯ ಮೇಲೆ ಕೂತು, ರೈಲಿನ ಸದ್ದು ಮುಗಿಯಲಿ ಅಂತ ಕಾದು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಗೊಂಬೆ ಆಡ್ಸೋರ ಮನೆ ಹುಡ್ಗಿ ಗೊಂಬೆ ಓದಿ ಡಾಕ್ಟ್ರಾಯ್ತಾಳಂತೆ! ಯಾರಿಗ್ ಸೂಜಿ ಚುಚ್ತೀಯವ್ವ, ರಾವಣಂಗಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ನಮ್ಮದು ತೊಗಲುಗೊಂಬೆ ಆಡಿಸುವ ಮನೆತನ. ಬಿಳಿ ಪರದೆಯ ಹಿಂದೆ ದೀಪವಿಟ್ಟು, ಮೇಕೆಯ ಚರ್ಮದಲ್ಲಿ ಮಾಡಿದ ರಾಮ, ಸೀತೆ, ರಾವಣರನ್ನು ಕುಣಿಸುವುದು ನಮ್ಮ ಕಸುಬು. ಆಟಕ್ಕೆ ಕರೆಯುವವರು ಕಮ್ಮಿಯಾದ ಮೇಲೆ ಅಪ್ಪ ಅಂತರಸನಹಳ್ಳಿಯ ಕಾರ್ಖಾನೆ ಸೇರಿದ. ದೊಡ್ಡಪ್ಪ ಮಾತ್ರ ಗೊಂಬೆ ಪೆಟ್ಟಿಗೆ ಬಿಡಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹಾಗಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸಿನಲ್ಲಿ ನಿಂತು ಓದಿದ್ದೇನೆ, ಬೇರೆಯವರ ಹಳೇ ಪುಸ್ತಕದಲ್ಲಿ ಓದಿದ್ದೇನೆ, ಬೈಸಿಕೊಂಡೂ ಓದಿದ್ದೇನೆ.

ಡಿಗ್ರಿಯ ಕೊನೆಯ ವರ್ಷ ಕಾಲೇಜಿನವರು ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಅಲ್ಲಿ ಗಾಜಿನೊಳಗೆ ನಮ್ಮ ಮನೆಯಲ್ಲಿರುವಂಥವನೇ ಒಬ್ಬ ಹನುಮಂತ. ಬೆಳಕನ್ನು ಮಾತ್ರ ಮುಂದಿನಿಂದ ಬಿಟ್ಟಿದ್ದರು. ತೊಗಲುಗೊಂಬೆಗೆ ಮುಂದಿನಿಂದ ಬೆಳಕು ಬಿಡುವುದೆಂದರೆ ಹಾಡುವವನನ್ನು ಕರೆಸಿ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಕೆಳಗೊಂದು ಫಲಕ: "ಕಲಾವಿದ: ಅಜ್ಞಾತ." ಯಾರಿಗೆ ಅಜ್ಞಾತ? ಕೇಳಿದವರಾದರೂ ಯಾರು? ಗೆಳತಿಯರು ಮುಂದೆ ಹೋದರು, ನಾನು ಆ ಫಲಕದ ಮುಂದೆಯೇ ನಿಂತಿದ್ದೆ. ಕಲಾ ಇತಿಹಾಸ ಓದಬೇಕು ಅನ್ನುವ ಹಟ ಹುಟ್ಟಿದ್ದು ಅಲ್ಲೇ. ಈಗ ಅಂಥ ಜಾಗಗಳಿಂದ ನನಗೇ ಕರೆ ಬರುತ್ತದೆ. ಹೋದ ಕೂಡಲೇ ನಾನು ಮಾಡಿಸುವ ಕೆಲಸ, ಬಲ್ಬನ್ನು ಗೊಂಬೆಯ ಹಿಂದಕ್ಕೆ ಹಾಕಿಸುವುದು.

ತುಮಕೂರಿನಲ್ಲಿ ಎಂ.ಎ. ಮುಗಿಸಿ ಅಲ್ಲೇ ಸಂಶೋಧನೆಗೆ ಸೇರಿದೆ. ನಮ್ಮ ಮನೆಯ ಗೊಂಬೆಗಳನ್ನೇ ವಿಷಯವಾಗಿ ಆರಿಸಿಕೊಂಡೆ. ಗೊಂಬೆ ಮಾಡಿದವರ ಹೆಸರು ಪ್ರಬಂಧದ ಶೀರ್ಷಿಕೆಯಲ್ಲೇ ಇರಬೇಕು ಅಂತ ಮೊದಲ ದಿನವೇ ಹೇಳಿದೆ. ನನ್ನ ಮಾರ್ಗದರ್ಶಕರು ಕನ್ನಡಕ ತೆಗೆದು ನೋಡಿದರು.

"ಹೆಸರು ಹಾಕಮ್ಮ, ಸಂತೋಷ. ಆದ್ರೆ ಸಾಬೀತು ಮಾಡಬೇಕು. ನಮ್ಮನೆಯೋರು ಹೇಳಿದ್ರು ಅನ್ನೋದು ಸಾಕಾಗಲ್ಲ. ಆಗ್ಲಿಲ್ಲ ಅಂದ್ರೆ ನಿನ್ನ ಪ್ರಬಂಧದ ಮೇಲೂ 'ಅಜ್ಞಾತ' ಅಂತಲೇ ಬರುತ್ತೆ."

ಆ ಮಾತು ನನ್ನ ನಿದ್ದೆ ಕೆಡಿಸಿತು. ಪದವಿ ಸಿಕ್ಕರೂ ಆ ಪದ ನನ್ನ ಕೈಯಿಂದಲೇ ಅಚ್ಚಾದರೆ ನಾನು ಓದಿದ್ದಕ್ಕೆ ಅರ್ಥವೇನು?

ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು, ಹಳೇ ಗೊಂಬೆಗಳನ್ನೆಲ್ಲ ಮಾಡಿದವನು ಮುತ್ತಜ್ಜ ಅಂತ. ಅವನ ಇಬ್ಬರು ಗಂಡುಮಕ್ಕಳು ಪಾಲಾದಾಗ ಪೆಟ್ಟಿಗೆಯೂ ಪಾಲಾಯಿತು. ರಾಮ ನಿಟ್ಟೂರಿನಲ್ಲಿ ನಮ್ಮ ತಾತನಿಗೆ ಉಳಿದ. ಸೀತೆ ಕುಣಿಗಲ್ಲಿಗೆ, ತಾತನ ತಮ್ಮನ ಮನೆಗೆ ಹೋದಳು. ಕಮ್ಮಿ ಬಿದ್ದವರನ್ನು ಎರಡೂ ಮನೆಯವರು ಹೊಸದಾಗಿ ಮಾಡಿಕೊಂಡರು. ಹಳೆಯ ಕೈ ಯಾವುದು, ಹೊಸ ಕೈ ಯಾವುದು ಅಂತ ತಿಳಿಯಬೇಕಾದರೆ ಎರಡು ಪೆಟ್ಟಿಗೆಗಳನ್ನೂ ಒಟ್ಟಿಗೆ ನೋಡಬೇಕು. ಅದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಅಡ್ಡ ಇತ್ತು. ಪಾಲಾದ ಗೊಂಬೆಗಳು ಮತ್ತೆ ಒಂದೇ ದೀಪದ ಮುಂದೆ ನಿಲ್ಲಬಾರದು, ನಿಂತರೆ ಅಣ್ಣತಮ್ಮಂದಿರ ಮನೆಗಳಲ್ಲಿ ಜಗಳ ಹುಟ್ಟುತ್ತದೆ.

"ದೀಪ ಹಚ್ಚಲ್ಲ ದೊಡ್ಡಪ್ಪ," ಅಂದೆ. "ಗೊಂಬೆ ಹೊಸ್ತಿಲೂ ದಾಟಲ್ಲ. ಮೇಲೆ ತೆಳು ಕಾಗ್ದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡ್ ಹೋಗ್ತೀನಿ, ಅಷ್ಟೆ."

ದೊಡ್ಡಪ್ಪ ಬೀಡಿ ಆರಿಸಿ ಯೋಚಿಸಿದ. "ಕಾಗ್ದಕ್ಕೆ ಜಗ್ಳ ಆಡಕ್ ಬರಲ್ಲ. ಉಜ್ಕೋ ಬುಡು. ಆದ್ರೆ ನಮ್ ತಾತನ್ ಬುಟ್ಟು ಬ್ಯಾರೆ ಯಾರ್ ಹೆಸ್ರೂ ಬರ್ಕೂಡ್ದು ನೋಡು." ಅವನ ತಾತ ಅಂದರೆ ನನ್ನ ಮುತ್ತಜ್ಜ.

ಹಾಗೇ ಕುಣಿಗಲ್ಲಿನಲ್ಲೂ ಉಜ್ಜಿಕೊಂಡು ಬಂದೆ. ಬೆರಳೆಲ್ಲ ಕಪ್ಪು. ಹಾಸ್ಟೆಲಿನ ಕಿಟಕಿಯ ಗಾಜಿಗೆ ಎರಡೂ ಮನೆಯ ಕಾಗದಗಳನ್ನು ಅಂಟಿಸಿ ಹಗಲೆಲ್ಲ ನೋಡಿದೆ. ಗೊಂಬೆಯ ಒಡವೆ ಅಂದರೆ ಬಣ್ಣವಲ್ಲ, ಉಳಿಯಿಂದ ಹೊಡೆದ ಸಣ್ಣ ತೂತುಗಳು; ದೀಪ ಅವುಗಳಲ್ಲಿ ಹಾದು ಬಂದರೆ ಮುತ್ತಿನ ಸರ. ಉಳಿಗೆ ಬಲಗೈಯಿಂದ ಪೆಟ್ಟು ಹಾಕಿದರೆ ತೂತಿನ ಅಂಚು ಒಂದು ಕಡೆ ವಾಲುತ್ತದೆ, ಎಡಗೈಯಿಂದ ಹಾಕಿದರೆ ಇನ್ನೊಂದು ಕಡೆ. ಪಾಲಾದ ಮೇಲೆ ಮಾಡಿದ ಗೊಂಬೆಗಳೆಲ್ಲ ಬಲಗೈಯವು. ಅದಕ್ಕೂ ಹಳೆಯವು, ನಿಟ್ಟೂರಿನ ರಾಮ, ರಾವಣ, ಕುಣಿಗಲ್ಲಿನ ಸೀತೆ, ಎಲ್ಲವೂ ಒಂದೇ ಎಡಗೈಯವು.

ಮಾರನೆಯ ದಿನವೇ ಕುಣಿಗಲ್ ಬಸ್ಸು ಹತ್ತಿದೆ. ತಾತನ ತಮ್ಮನ ಹೆಂಡತಿ, ನಮಗೆಲ್ಲ ಕುಣಿಗಲ್ ಅಜ್ಜಿ, ಎಲೆಅಡಿಕೆ ಕುಟ್ಟುತ್ತಾ ಕೂತಿದ್ದಳು. ಮುತ್ತಜ್ಜ ಎಡಚನಾ ಅಂತ ಕೇಳಿದೆ.

"ನಮ್ ಮಾವನಾ? ಇಲ್ವಲ್ಲ. ಎಡಚಿ ನಮ್ಮತ್ತೆ ಕಣೇ. ಮಾವ ಗೆರೆ ಎಳ್ಕೊಡೋರು, ಅತ್ತೆ ಉಳಿ ಹಿಡ್ದು ಕೂತ್ಕಳೋಳು. ದೇವ್ರ ಮೈಗೆ ಎಡಗೈ ಸೋಕುಸ್ತೀಯಾ ಅಂತ ಎಲ್ರೂ ಬೈಯೋರು. ಬಲಗೈಲಿ ಹೊಡುದ್ರೆ ಸೀತಮ್ಮನ್ ಮೂಗ್ತಿ ಕೆನ್ನೆಗ್ ಹೋಯ್ತದೆ, ಆಗ್ಬೋದಾ ಅನ್ನೋಳು."

ನನಗೆ ಕೂರಲಾಗಲಿಲ್ಲ. ಕಾಗದ ಹೇಳಿದ್ದೂ ಅಜ್ಜಿ ಹೇಳಿದ್ದೂ ಒಂದೇ ಆಗಿತ್ತು. ಮಾರ್ಗದರ್ಶಕರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಬರಿ," ಅಂದರು. ಶೀರ್ಷಿಕೆಯಲ್ಲಿ ಮುತ್ತಜ್ಜಿಯ ಹೆಸರು ಬರೆದೆ.

ದೊಡ್ಡಪ್ಪನಿಗೆ ಸುದ್ದಿ ಮುಟ್ಟಿತು. "ಗೆರೆ ಎಳ್ದೋನು ನಮ್ ತಾತ! ಹೆಂಗಸ್ರು ತೂತ್ ಹೊಡ್ಯೋದು ರಾಗಿ ಬೀಸ್ದಂಗೆ. ರಾಗಿ ಬೀಸ್ದೋರ್ ಹೆಸ್ರನ್ನ ಯಾರಾದ್ರೂ ಮುದ್ದೆ ಮ್ಯಾಲೆ ಬರೀತಾರೇನ್ಲೇ?" ಅಂದ. ಅಲ್ಲಿಂದಾಚೆಗೆ ನನ್ನ ಜೊತೆ ಮಾತು ಬಿಟ್ಟ. ಅವನು ತೊಟ್ಟಿಲಲ್ಲಿದ್ದಾಗಲೇ ತೀರಿಹೋಗಿದ್ದ ಅವನ ಸ್ವಂತ ಅಜ್ಜಿಯ ಬಗ್ಗೆ ಆಡಿದ ಮಾತು ಅದು.

ಆ ಪ್ರಶ್ನೆಯನ್ನೇ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನಯವಾಗಿ ಕೇಳಿದರು: "ಚಿತ್ರ ಬರೆದವನು ಕಲಾವಿದ. ಕೊರೆದವಳು ಸಹಾಯಕಿ ಅಲ್ಲವೇ? ಶೀರ್ಷಿಕೆ ಬದಲಾಯಿಸಬಹುದಲ್ಲ?"

ಉತ್ತರ ನನ್ನ ಚೀಲದಲ್ಲೇ ಇತ್ತು; ಕುಣಿಗಲ್ ಅಜ್ಜಿ ಹಳೇ ಸೀರೆಯಲ್ಲಿ ಸುತ್ತಿ ಕಳಿಸಿದ್ದ ಸೀತೆ. ಕಿಟಕಿ ಪರದೆ ಎಳೆಯಬಹುದಾ ಅಂತ ಕೇಳಿ ಎಳೆದೆ. ಗೋಡೆಯ ಹತ್ತಿರ ಸೀತೆಯನ್ನು ಹಿಡಿದು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿದೆ. ವಯಸ್ಸಾದ ತೊಗಲು, ಮಸಿ ಹಿಡಿದು ಕಪ್ಪಾಗಿತ್ತು. ಗೋಡೆಯ ಮೇಲೆ ಮುತ್ತಜ್ಜನ ಗೆರೆ ಒಂದೂ ಕಾಣಲಿಲ್ಲ. ಡಾಬು ಕಂಡಿತು, ಜಡೆಯ ಹೂವು ಕಂಡಿತು, ಮೂಗುತಿ ಕಂಡಿತು.

"ನೋಡೋರು ಕೂತಿರೋದು ಪರದೆಯ ಈ ಕಡೆ ಸಾರ್," ಅಂದೆ. "ಅವರಿಗೆ ಕಾಣೋದು ಈ ಕೈಯ ಕೆಲಸ."

ಯಾರೋ ಕಿಟಕಿಯ ಪರದೆ ಸರಿಸಿದರು. ಪರೀಕ್ಷಕರು ಎದ್ದು ಬಂದು ಸೀತೆಯನ್ನು ಹತ್ತಿರದಿಂದ ನೋಡಿ, "ಶೀರ್ಷಿಕೆ ಹೀಗೇ ಇರಲಿ," ಅಂದರು. ಅವತ್ತು ತುಮಕೂರಿನ ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದೆ. ಆಟೋ ಹತ್ತಿದರೆ ಖುಷಿ ಬೇಗ ಮುಗಿದುಹೋಗುತ್ತದೇನೋ ಅನ್ನಿಸಿತ್ತು.

ಘಟಿಕೋತ್ಸವಕ್ಕೆ ಅಪ್ಪ ಶಿಫ್ಟ್ ಬದಲಾಯಿಸಿಕೊಂಡು ಬಂದ. ಅವನ ಗಾಡಿಯ ಹಿಂದೆ, ತಲೆಗೆ ಟವೆಲ್ ಸುತ್ತಿಕೊಂಡು, ಕರೆಯದಿದ್ದರೂ ಕೂತಿದ್ದವನು ದೊಡ್ಡಪ್ಪ. ವೇದಿಕೆಯ ಮೇಲೆ ಪ್ರಮಾಣಪತ್ರ ನನ್ನ ಕೈಗೆ ಬಂತು. ಕೆಳಗಿಳಿದು ನೆಟ್ಟಗೆ ಹೋಗಿ ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಅವನಿಗೆ ಓದಲು ಬರುವುದಿಲ್ಲ. ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಹಿಡಿದುಕೊಂಡ. "ಏನ್ ಬರ್ದವ್ರೆ, ಹೇಳು," ಅಂದ. ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು. ನನ್ನ ಹೆಸರು ಓದಿದೆ, ವಿಭಾಗ ಓದಿದೆ, ಪ್ರಬಂಧದ ಶೀರ್ಷಿಕೆ ಓದಿದೆ. ಅವನ ಅಜ್ಜಿಯ ಹೆಸರು ಬಂದಾಗ ತಲೆಯ ಟವೆಲ್ ತೆಗೆದ.

"ನಿಂದು ಬುಡು, ಮೈಕ್‌ನಾಗೇ ಕೂಗುದ್ರು," ಅಂದ. "ನಮ್ಮಜ್ಜಿದು ಇನ್ನೊಂದ್ಸಲ ಓದವ್ವ. ಗಟ್ಟಿಯಾಗ್ ಓದು, ಅಲ್ಲಿ ಕೂತಿರೋರ್ಗೂ ಕೇಳ್ಲಿ."