ಗಂಜಿ ಉಂಡು ಬರೆಯದೆ ಹೋದ ಗಾರ್ಡು

ನನ್ನ ಮೇಲೆ ಅಂಕೋಲೆಯ ಕೋರ್ಟಿನಲ್ಲಿ ಒಂದು ಕೇಸಿದೆ. ಸರಕಾರದ ಎರಡು ಅಕೇಶಿಯಾ ಮರ ಕಡಿದ ಕೇಸು. ಕಡಿದದ್ದು ನಾನೇ. ಯಾರೂ ಹೇಳಿಕೊಟ್ಟು ಕಡಿಸಿದ್ದಲ್ಲ, ಉರುವಲಿಗೆ ಬೇಕಾಗಿಯೂ ಅಲ್ಲ. ನನಗೆ ಕೇಸು ಬೇಕಾಗಿತ್ತು, ಅದಕ್ಕೆ ಕಡಿದೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಕೇರಿಯಲ್ಲಿ ಹೇಳುವವರಿದ್ದಾರೆ. ಹೇಳಲಿ. ನಾನು ಮೂರನೇ ಇಯತ್ತೆಯವರೆಗೆ ಕಲಿತವಳು. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ತಪ್ಪಿದ್ದಲ್ಲಿ ಮಗಳು ತಿದ್ದುತ್ತಾಳೆ. ಸಿಟ್ಟನ್ನು ಮಾತ್ರ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮ ಜಾಗ ಅಂಕೋಲೆಯಿಂದ ಒಳಗೆ, ಗುಡ್ಡದ ಬುಡದಲ್ಲಿದೆ. ಮೂವತ್ತು ಗುಂಟೆ. ಹರಿವೆ, ಬದನೆ, ಮೊಗೆಕಾಯಿ, ಗೆಣಸು ಬೆಳೆಯುತ್ತೇವೆ. ಬುಟ್ಟಿ ಹೊತ್ತುಕೊಂಡು ಹೋಗಿ ಅಂಕೋಲೆ ಪೇಟೆಯಲ್ಲಿ ಕೂತು ಮಾರುತ್ತೇವೆ. ಕಲ್ಲು ಕಿತ್ತು ಕಟ್ಟೆ ಕಟ್ಟಿದವನು ನನ್ನ ಗಂಡನ ಅಜ್ಜ. ಬಾವಿ ತೋಡಿದವನು ಮಾವ. ಬಾವಿಯ ಪಕ್ಕದ ಎರಡು ತೆಂಗಿನ ಮರ ಈಗ ಆಕಾಶಕ್ಕೆ ಮುಟ್ಟುವ ಹಾಗೆ ಇವೆ, ಅವನ್ನು ನೆಟ್ಟದ್ದೂ ಆ ಅಜ್ಜನೇ. ಇಷ್ಟಾದರೂ ಸರಕಾರದ ಪುಸ್ತಕದಲ್ಲಿ ಅದು ಅರಣ್ಯ. ನಾವು ಅತಿಕ್ರಮಣದವರು.

ಗಂಡ ಸತ್ತು ಬಹಳ ವರ್ಷವಾಯಿತು. ಮಗಳು ಗಂಡನನ್ನು ಬಿಟ್ಟು ಬಂದು ನನ್ನ ಜೊತೆ ಇದ್ದಾಳೆ. ನಾನಿರುವಷ್ಟು ದಿನ ನನ್ನ ಬಾಯಿಗೆ ಹೆದರಿ ಯಾರೂ ಹತ್ತಿರ ಬರುವುದಿಲ್ಲ. ನಾನು ಹೋದ ಮೇಲೆ ಅವಳನ್ನು ಎಬ್ಬಿಸುವುದಕ್ಕೆ ಅರಣ್ಯ ಇಲಾಖೆಯವರಿಗೆ ಅರ್ಧ ದಿನ ಸಾಕು. ಅದಕ್ಕೇ ನನಗೆ ಹಕ್ಕುಪತ್ರ ಬೇಕು. ಬೇರೆ ಯಾವ ಆಸೆಯೂ ಇಲ್ಲ.

ಕಾಡಿನ ಜಾಗದಲ್ಲಿ ಗೇಯುತ್ತ ಬಂದವರಿಗೆ ಆ ಜಾಗ ಕೊಡುವ ಕಾಯ್ದೆ ಬಂತು. ಬಂದಾಗ ನಾವೆಲ್ಲ ಕುಣಿದೆವು. ಪಂಚಾಯ್ತಿಯಲ್ಲಿ ಅರ್ಜಿ ಬರೆಸಿದೆವು. ಯಾರೋ ಬಂದು ಮೊಬೈಲು ಹಿಡಿದು ಜಾಗದ ಸುತ್ತ ನಡೆದು ಜಿಪಿಎಸ್ ಮಾಡಿದರು. ಆಮೇಲೆ ತಿಳಿಯಿತು, ಗೇಯ್ದರೆ ಸಾಲದು, ಗೇಯ್ದದ್ದಕ್ಕೆ ಪುರಾವೆ ಬೇಕು. ಮೂರು ತಲೆಮಾರು, ಎಪ್ಪತ್ತೈದು ವರ್ಷದ ಪುರಾವೆ. ಕಾರವಾರದ ಆಫೀಸಿಗೆ ವಿಚಾರಣೆಗೆ ಕರೆದರು. ಮೇಜಿನ ಆಚೆ ಕೂತವರು ಕೇಳಿದರು:

“ದಾಖಲೆ ಎಂತ ಇದೆ ಅಜ್ಜಿ?”

“ಕಲ್ಲಿನ ಕಟ್ಟೆ ಇದೆ. ಬಾವಿ ಇದೆ. ತೆಂಗಿನ ಮರ ಇದೆ. ಬಂದು ನೋಡಿ.”

“ಅದು ಕಾಗದ ಅಲ್ಲ.”

“ಕಾಗದ ನೆಟ್ಟರೆ ತೆಂಗಿನಕಾಯಿ ಬಿಡುದಿಲ್ಲ ಸಾಹೇಬ್ರೆ.”

ಅವರಿಗೆ ನಗು ಬಂತು, ನನಗೆ ಬರಲಿಲ್ಲ. ಊರಿನ ಹಿರಿಯರು ಯಾರಾದರೂ ಹೇಳಿಕೆ ಕೊಡಬಹುದು, ನಿಮಗಿಂತ ಹಿರಿಯರು ಯಾರಿದ್ದಾರೆ ಎಂದರು. ನನಗಿಂತ ಹಿರಿಯರೆಲ್ಲ ಸ್ಮಶಾನದಲ್ಲಿದ್ದಾರೆ, ಅಲ್ಲಿಗೆ ಯಾರನ್ನು ಕಳಿಸುತ್ತೀರಿ ಎಂದೆ. ಕಾಗದ ತರುವವರೆಗೆ ಆಗುವುದಿಲ್ಲ ಎಂದು ಕಡತ ಕಟ್ಟಿದರು.

ಅದೇ ವಿಚಾರಣೆಯಲ್ಲಿ ನಮ್ಮ ನೆರೆಯವನಿಗೆ ಪಾಸಾಯಿತು. ಅವನು ಗಂಡನ ಕಡೆಯಿಂದ ನನಗೆ ಮೈದುನನ ವರಸೆ, ಪ್ರಾಯದಲ್ಲಿ ನನಗಿಂತ ಎರಡು ವರ್ಷ ಸಣ್ಣವನು. ಅವನ ಜಾಗ ನಮ್ಮ ಜಾಗಕ್ಕೆ ತಾಗಿಕೊಂಡೇ ಇದೆ, ನಡುವೆ ಒಂದು ಕಟ್ಟೆ ಅಷ್ಟೇ. ನಮ್ಮ ಅಜ್ಜ ಅವನ ಅಜ್ಜ ಒಟ್ಟಿಗೆ ಕಡಿದ ಜಾಗ ಅದು. ಅವನಿಗೆ ಹೇಗೆ ಸಿಕ್ಕಿತು? ಅವನ ಹತ್ತಿರ ಒಂದು ಹಳೇ ಪಂಚನಾಮೆ ಇತ್ತು. ಕಾಡು ಕಡಿದ ಕಳ್ಳ ಎಂದು ಅರಣ್ಯ ಇಲಾಖೆ ಅವನ ಮೇಲೆ ಬರೆದ ಕೇಸು.

ಆ ಕೇಸು ಬಿದ್ದ ದಿನ ನಾನು ಅಲ್ಲೇ ಇದ್ದೆ. ಆಗ ಮಗಳು ತೊಟ್ಟಿಲಲ್ಲಿದ್ದಳು. ಬೇಸಿಗೆಯ ನಡು ಮಧ್ಯಾಹ್ನ ಇಲಾಖೆಯ ಗಾರ್ಡು ಒಬ್ಬ, ಇಬ್ಬರು ವಾಚರರನ್ನು ಕಟ್ಟಿಕೊಂಡು ಬಂದ. ಮೊದಲು ಮೈದುನನ ಜಾಗಕ್ಕೆ ಹೋದ. ಮೈದುನನದ್ದು ಆಗಿನಿಂದಲೂ ಉದ್ದ ನಾಲಿಗೆ. “ಅಜ್ಜನ ಕಾಲದಿಂದ ಗೇಯ್ತಾ ಬಂದವರು ನಾವು, ಎಂತ ಮಾಡ್ಕಂತ್ರಿ ಮಾಡ್ಕಣಿ” ಎಂದು ಎದೆ ಸೆಟೆಸಿ ನಿಂತ. ಗಾರ್ಡಿಗೆ ಸಿಟ್ಟು ಬಂತು. ಪಿಕಾಸಿ ಕಿತ್ತುಕೊಂಡ, ಪಂಚನಾಮೆ ಬರೆದ, ಹೆಬ್ಬೆಟ್ಟು ಒತ್ತಿಸಿದ.

ನನ್ನ ಗಂಡ ಅದನ್ನು ಕಂಡವನೇ ಗುಡ್ಡ ಹತ್ತಿ ಓಡಿದ. ಗಂಡಸರ ಧೈರ್ಯ ಅಷ್ಟೇ. ನಾನೊಬ್ಬಳೇ ನಿಂತೆ. ಗಾರ್ಡಿನ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಕೂತುಕೊಳ್ಳಿ ಎಂದೆ. ಗಂಜಿ ಬಡಿಸಿದೆ, ಒಣ ತಾರ್ಲೆ ಮೀನು ಸುಟ್ಟು ಹಾಕಿದೆ, ಮಿಡಿ ಉಪ್ಪಿನಕಾಯಿ ಇಟ್ಟೆ. ಎರಡು ಸಲ ಕೇಳಿ ಹಾಕಿಸಿಕೊಂಡು ಉಂಡ. ಆಮೇಲೆ ಪುಸ್ತಕ ತೆಗೆದ, ತೊಟ್ಟಿಲ ಕಡೆ ನೋಡಿದ, ಪುಸ್ತಕ ಮುಚ್ಚಿದ.

“ನಿನ್ನ ಹೆಸರು ಬರಿಲಿಲ್ಲ ಬಾಯಿ. ಹುಷಾರಿರು” ಎಂದ.

ನಾನು ಅವನ ಕಾಲು ಮುಟ್ಟಿದೆ. ಇವತ್ತು ಅದನ್ನು ನೆನೆದರೆ ಆ ಕೈಯನ್ನೇ ಒಲೆಗಿಡಬೇಕು ಅನ್ನಿಸುತ್ತದೆ.

ಆ ವರ್ಷವಿಡೀ ನಾವು ಮೈದುನನನ್ನು ಕಾಡಿಸಿದೆವು. “ನಿನ್ನ ಪಿಕಾಸಿ ಎಲ್ಲಿ ಮಾರಾಯ, ರೇಂಜರ ಮನೇಲಿ ಗೆಣಸು ಅಗಿತದ್ಯಾ?” ಎಂದು ಬಾವಿಕಟ್ಟೆಯಲ್ಲಿ ಕೇಳುತ್ತಿದ್ದೆ. ಅವನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಈಗ ವಿಚಾರಣೆಯಲ್ಲಿ ಆ ಪಂಚನಾಮೆಯನ್ನು ಆಫೀಸಿನವರು ಗಟ್ಟಿಯಾಗಿ ಓದಿದರು: ‘ಆರೋಪಿಯು ತನ್ನ ಅಜ್ಜನ ಕಾಲದಿಂದ ಸದರಿ ಜಾಗದಲ್ಲಿ ಸಾಗುವಳಿ ಮಾಡುತ್ತಿರುವುದಾಗಿ ಒಪ್ಪಿಕೊಂಡಿದ್ದಾನೆ.’ ಅವನು ಸೊಕ್ಕಿನಲ್ಲಿ ಹೇಳಿದ ಮಾತು. ಅವನನ್ನು ಹಿಡಿದು ಹಾಕುವುದಕ್ಕೆ ಬರೆದ ಮಾತು. ಅದೇ ಅವನಿಗೆ ಜಾಗ ಕೊಡಿಸಿತು.

ಕಾರವಾರದಿಂದ ಬರುವಾಗ ಬಸ್ಸಿನಲ್ಲಿ ಅವನ ಬಾಯಿಗೆ ತಡೆಯೇ ಇರಲಿಲ್ಲ.

“ಅಂದು ಒಂದು ಪಿಕಾಸಿ ಕೊಡುಕೆ ನಿಂಗೆ ಕೈ ಬರಲಿಲ್ಲ ಅತ್ತಿಗೆ. ತಾರ್ಲೆ ಕೊಟ್ಟೆ. ಈಗ ತಾರ್ಲೆ ಮುಳ್ಳು ತಕಂಡು ಹೋಗಿ ತೋರ್ಸು ಆಫೀಸ್ನಲ್ಲಿ.”

“ಬಾಯಿ ಮುಚ್ಚು. ನಿನ್ನ ಅಜ್ಜಂಗೆ ಕಲ್ಲು ಹೊತ್ತು ಕೊಟ್ಟದ್ದು ನಮ್ಮ ಅಜ್ಜ.”

“ಹೌದು. ಅದೂ ಬರ್ದಿಲ್ಲ ಯಾರೂ.”

ಅವನು ಹೇಳಿದ್ದು ಸುಳ್ಳಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಆ ಗಾರ್ಡು ಇನ್ನೂ ಬದುಕಿದ್ದಾನೆ, ಪೆನ್ಶನ್ ತೆಗೆದುಕೊಂಡು ಕಾರವಾರದ ಹತ್ತಿರ ಶಿರವಾಡದಲ್ಲಿ ಇದ್ದಾನೆ ಎಂದು ಪೇಟೆಯಲ್ಲಿ ಮೀನು ಮಾರುವವಳು ಹೇಳಿದಳು. ಸರಕಾರದಲ್ಲಿ ಇದ್ದವನ ಹೇಳಿಕೆಗೆ ತೂಕ ಇರುತ್ತದೆ ಎಂದು ಮಗಳು ಹೇಳಿದಳು. ಮರುದಿನ ಬುಟ್ಟಿ ಇಟ್ಟು ಶಿರವಾಡಕ್ಕೆ ಹೋದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಕಂಪೌಂಡು, ಗೇಟು, ಅಂಗಳಕ್ಕೆ ಟೈಲ್ಸು. ಅವನು ಕುರ್ಚಿಯಲ್ಲಿ ಕೂತಿದ್ದ, ಹಲ್ಲಿಲ್ಲ. ಊರಿನ ಹೆಸರು ಹೇಳಿದ ಕೂಡಲೇ ನೆನಪಾಯಿತು.

“ಅರೆ, ಒಳಗೆ ಬಾ ಬಾಯಿ! ಆ ಒಣ ತಾರ್ಲೆ! ಅಂಥ ಮಿಡಿ ನಾನು ಮತ್ತೆ ಎಲ್ಲಿಯೂ ತಿನ್ಲಿಲ್ಲ ನೋಡು.”

“ಅದನ್ನೇ ಬರ್ದು ಕೊಡಿ” ಎಂದೆ. “ಆ ವರ್ಷ ಆ ಜಾಗದಲ್ಲಿ ಈ ಹೆಂಗಸು ಗೇಯ್ತಾ ಇತ್ತು, ನಾನು ಕಣ್ಣಲ್ಲಿ ಕಂಡಿದ್ದೆ, ಅಷ್ಟು ಬರೀರಿ. ಮೀನಿನ ಸುದ್ದಿ ಬೇಡ.”

ಅವನ ಮುಖ ಇಳಿಯಿತು. ಹೆಂಡತಿ ಚಾ ತಂದಿಟ್ಟು ಹೋದಳು. ಅವನು ಸಣ್ಣ ದನಿಯಲ್ಲಿ ಹೇಳಿದ: “ಕಂಡೂ ಯಾಕೆ ಬರಿಲಿಲ್ಲ ಅಂತ ಕೇಳ್ತಾರೆ ಬಾಯಿ. ಡ್ಯೂಟಿ ಮಾಡಿಲ್ಲ ಅಂತ ಆಗ್ತದೆ. ಪೆನ್ಶನ್ ಮೇಲೆ ಬಂದ್ರೆ ಈ ಪ್ರಾಯದಲ್ಲಿ ನಾನು ಎಲ್ಲಿಗೆ ಹೋಗ್ಲಿ?”

“ನಾನು ಎಲ್ಲಿಗೆ ಹೋಗ್ಲಿ?”

“ನಾನು ನಿಂಗೆ ಉಪಕಾರ ಮಾಡಿದ್ದು. ಮಗು ಇತ್ತು, ಪಾಪ ಅನ್ನಿಸ್ತು.”

“ನಿಮ್ಮ ಉಪಕಾರ ತಕಂಡು ನಾನು ಎಂತ ಮಾಡ್ಲಿ? ಮೈದುನಂಗೆ ಅಪಕಾರ ಮಾಡಿದ್ರಿ, ಅವ ಪಟ್ಟಾದಾರ ಆದ. ಆ ಮಗುನೇ ನಾಳೆ ಬೀದಿಗೆ ಬೀಳುದು.”

ನಾನು ಚಾ ಕುಡಿದೇ ಎದ್ದೆ. ಬಿಟ್ಟು ಬರುವುದಕ್ಕೆ ನನಗೇನು ಹುಚ್ಚೇ? ಅವನು ತಿಂದದ್ದಕ್ಕೆ ಅಷ್ಟಾದರೂ ವಸೂಲಾಗಲಿ.

ತಿರುಗಿ ಬರುವ ಬಸ್ಸು ಚೆಂಡಿಯಾದ ಮೇಲೆ ಹಾಯುತ್ತದೆ. ಅದು ನನ್ನ ತವರು. ಅಪ್ಪನ ಗದ್ದೆ ನೌಕಾನೆಲೆಗೆ ಹೋಯಿತು, ಮನೆ ಹೋಯಿತು, ಅಣ್ಣಂದಿರನ್ನು ಬೇರೆ ಕಡೆ ತಂದು ಹಾಕಿದರು. ಹೋಗುವ ಬರುವವರೆಲ್ಲ ದೇಶಕ್ಕಾಗಿ ಎನ್ನುತ್ತಾರೆ. ಇರಲಿ. ನನ್ನ ಪ್ರಶ್ನೆ ಬೇರೆ. ಆಗ ಸರಕಾರ ಅಪ್ಪನ ಜಾಗ ತೆಗೆದುಕೊಳ್ಳುವಾಗ ಮೂರು ತಲೆಮಾರಿನಿಂದ ತಾನು ಅಲ್ಲಿ ಗೇಯ್ದಿದ್ದೇನೆ ಎಂದು ಪುರಾವೆ ತೋರಿಸಿತ್ತೇ? ಒಂದು ನೋಟೀಸು ಸಾಕಾಯಿತು. ಕೊಡುವಾಗ ಮಾತ್ರ ಅದಕ್ಕೆ ಸತ್ತವರ ಸಾಕ್ಷಿ ಬೇಕು. ನೌಕಾನೆಲೆಯ ಗೋಡೆ ಮುಗಿಯುವವರೆಗೆ ಕಿಟಕಿಯಿಂದ ನೋಡುತ್ತ ಬಂದೆ. ಇಳಿಯುವಾಗ ನನಗೆ ಎಲ್ಲ ನಿಚ್ಚಳವಾಗಿತ್ತು. ಆಗಿನ ಗಾರ್ಡು ಬರೆಯದಿದ್ದರೆ ಈಗಿನವನು ಬರೆಯಲಿ.

ನಮ್ಮ ಮೇಲಿನ ಕಟ್ಟೆಯ ಉದ್ದಕ್ಕೆ ಇಲಾಖೆಯವರು ಎಂದೋ ಅಕೇಶಿಯಾ ನೆಟ್ಟು ಹೋಗಿದ್ದರು. ಈಗ ಬೀಟಿಗೆ ಬರುವ ಗಾರ್ಡು ವಿಜಯಪುರದ ಕಡೆಯವನು, ಮೀಸೆ ಇರುವ ಒಳ್ಳೆಯ ಮನುಷ್ಯ. ಒಳ್ಳೆಯವನು ಎಂಬುದೇ ನನಗೆ ಹೆದರಿಕೆ. ಅವನ ಬೈಕಿನ ಸದ್ದು ಕೇಳಿಸಿದ ಮೇಲೆಯೇ ಗಂಡನ ಕೊಡಲಿ ತೆಗೆದುಕೊಂಡು ಹೋಗಿ ಒಂದು ಸಣ್ಣ ಮರಕ್ಕೆ ಹೊಡೆಯತೊಡಗಿದೆ. ಅವನು ಓಡಿ ಬರುವಾಗ ಮರ ಬಿದ್ದಿತ್ತು.

“ಅಯ್ಯ ಯವ್ವಾ, ಏನ್ ಮಾಡಾಕತ್ತೀ?”

“ಕಾಣುದಿಲ್ಲನಾ? ನಿಮ್ಮ ಮರ ಕಡಿತೆ. ಕೇಸು ಬರಿ.”

“ಇರ್ಲಿ ಬಿಡು. ಒಣಗಿ ಬಿದ್ದೈತಿ ಅಂತ ಬರ್ಕೋತೀನಿ. ನಮ್ಮ ಆಯಿ ವಯಸ್ಸಿನಾಕಿ ಮ್ಯಾಲೆ ಎಂಥಾ ಕೇಸು?”

“ಒಣಗಿಲ್ಲ, ಮುಟ್ಟಿ ನೋಡು, ಹಸಿ. ನಾನು ನಿನ್ನ ಆಯಿ ಅಲ್ಲ. ಹಿಂದೊಬ್ಬ ಹೀಂಗೇ ಪಾಪ ಅಂದು ನನ್ನ ಮನೆ ಹಾಳು ಮಾಡಿದ.”

ಅವನು ತಲೆ ಕೆರೆದುಕೊಂಡ. ಆಗ ಎರಡನೇ ಮರಕ್ಕೆ ಕೊಡಲಿ ಹಾಕಿದೆ. ನನ್ನ ತೋಳಲ್ಲಿ ಬಲವಿಲ್ಲ, ಬಹಳ ಹೊತ್ತು ಬೇಕಾಯಿತು. ಅಷ್ಟೂ ಹೊತ್ತು ಅವನು ‘ಬ್ಯಾಡ ಯವ್ವಾ, ಬ್ಯಾಡ’ ಎನ್ನುತ್ತಲೇ ಇದ್ದ. ಅದೂ ಬಿದ್ದ ಮೇಲೆ ಅವನಿಗೆ ಬೇರೆ ದಾರಿ ಇರಲಿಲ್ಲ, ತನ್ನ ಮೇಲಿನ ಫಾರೆಸ್ಟರಿಗೆ ಫೋನು ಮಾಡಿದ.

ಫಾರೆಸ್ಟರು ಬಂದರು, ಸಿಡಿಮಿಡಿ ಮಾಡುತ್ತ ಪಂಚನಾಮೆ ಬರೆದರು. ಪಂಚರು ಬೇಕು ಎಂದಾಗ ಮೈದುನನನ್ನೇ ಕರೆಸಿದೆ. ಸಹಿ ಮಾಡು ಎಂದು ನನ್ನ ಮುಂದೆ ಕಾಗದ ಹಿಡಿದರು. ಮೊದಲು ಮಗಳು ಓದಲಿ ಎಂದೆ. ಮಗಳು ಹತ್ತನೇ ಇಯತ್ತೆ ಪಾಸು. ಓದಿದಳು. ‘ಅರಣ್ಯ ಪ್ರದೇಶದಲ್ಲಿ ಎರಡು ಅಕೇಶಿಯಾ ಮರ’ ಎಂದಷ್ಟೇ ಇತ್ತು.

“ಯಾವ ಅರಣ್ಯ ಪ್ರದೇಶ? ಚಕ್ಕುಬಂದಿ ಬರೀರಿ” ಎಂದೆ. “ಮೂಡ್ಲಿಗೆ ಎಂತ ಇದೆ, ಪಡ್ಲಿಗೆ ಎಂತ ಇದೆ. ಬಾವಿ ಕಾಣುದಿಲ್ಲನಾ? ಆ ತೆಂಗಿನ ಮರ ಕಾಣುದಿಲ್ಲನಾ? ತೆಂಗು ಕಾಡಲ್ಲಿ ತನ್ನಷ್ಟಕ್ಕೆ ಹುಟ್ತದ್ಯಾ? ಅದರ ಪ್ರಾಯ ಬರೀರಿ. ಆರೋಪಿ ಎಂತ ಹೇಳ್ತು ಅಂತ್ಲೂ ಬರೀರಿ. ಗಂಡನ ಅಜ್ಜನ ಕಾಲದಿಂದ ಗೇಯ್ತಾ ಬಂದವಳು ನಾನು, ಎಂತ ಮಾಡ್ಕಂತ್ರಿ ಮಾಡ್ಕಣಿ.”

ಮೈದುನ ಪಕ್ಕನೆ ನಕ್ಕ. “ಅದು ನನ್ನ ಮಾತು ಅತ್ತಿಗೆ, ಕದ್ದೆ ನೀನು.”

ಫಾರೆಸ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ಅಜ್ಜಿ, ನಿಂಗೆ ಬೇಕಾದ್ದು ಕೇಸಾ, ಪಟ್ಟಾನಾ?”

“ನಿಮ್ಮಲ್ಲಿ ಎರಡೂ ಒಂದೇ ಅಲ್ದಾ?”

ಬರೆಯುವುದಿಲ್ಲ ಎಂದರು. ಹಾಗಾದರೆ ಸಹಿ ಮಾಡುವುದಿಲ್ಲ, ಇನ್ನೂ ಮರ ಇವೆ, ಕೊಡಲಿ ಕೊಡಿ ಎಂದೆ. ಊಟದ ಹೊತ್ತು ಮೀರಿತ್ತು, ಅವರಿಗೆ ಹಸಿವಾಗಿತ್ತು. ನಾನು ಈ ಸಲ ಗಂಜಿ ಕೊಡಲಿಲ್ಲ. ಕೊನೆಗೆ ಬರೆದರು. ‘ಸದರಿ ಸ್ಥಳದ ಪಶ್ಚಿಮಕ್ಕೆ ಹಳೆಯ ಕಲ್ಲು ಕಟ್ಟಿದ ಬಾವಿ, ಅಂದಾಜು ಎಂಬತ್ತು ವರ್ಷ ಪ್ರಾಯದ ಎರಡು ತೆಂಗಿನ ಮರ, ಆರೋಪಿಯ ತರಕಾರಿ ಸಾಗುವಳಿ.’ ಮಗಳು ಎರಡು ಸಲ ಓದಿದಳು. ನಾನು ಅಕ್ಷರ ಕೂಡಿಸಿ ಸಹಿ ಮಾಡಿದೆ. ಕೊಡಲಿಯನ್ನು ಜಪ್ತಿ ಮಾಡಿ ಒಯ್ದರು. ಒಯ್ಯಲಿ, ಹಿಡಿ ಸಡಿಲಾಗಿತ್ತು.

ಅದರ ನಕಲು ತೆಗೆದುಕೊಂಡು ಕಾರವಾರಕ್ಕೆ ಹೋದೆ. ಕಿಟಕಿಯಲ್ಲಿದ್ದ ಗುಮಾಸ್ತ ಓದಿ, “ಇದು ಅಪರಾಧದ ಕಾಗದ ಅಜ್ಜಿ, ಇದನ್ನು ಯಾಕೆ ತಂದ್ರಿ?” ಎಂದ. ನನ್ನ ಮೈದುನನದ್ದೂ ಅಪರಾಧದ್ದೇ, ನೀವೇ ಅದನ್ನು ಓದಿ ಜಾಗ ಕೊಟ್ಟಿರಿ ಎಂದೆ. ಅದು ಹಳೇದು, ಇದು ಹೊಸದು ಎಂದ. ಕಾಗದ ಹೊಸದು, ತೆಂಗಿನ ಮರ ಹಳೇದು, ಬರೆದದ್ದು ನಿಮ್ಮ ಸರಕಾರದ ಕೈ, ಸುಳ್ಳಾದರೆ ಸುಳ್ಳು ಎಂದು ಬರೆದುಕೊಡಿ ಎಂದೆ. ಹಿಂದೆ ಸಾಲಿನಲ್ಲಿದ್ದವರು ಕೂಗಾಡತೊಡಗಿದರು. ಅವನು ಠಸ್ಸೆ ಒತ್ತಿ ಕಡತಕ್ಕೆ ಸೇರಿಸಿದ. ಮರುವಿಚಾರಣೆಗೆ ಕರೆಯುತ್ತೇವೆ ಎಂದ. ಇನ್ನೂ ಕರೆದಿಲ್ಲ. ಕೋರ್ಟಿನವರು ಮಾತ್ರ ಎರಡು ಸಲ ಕರೆದರು. ಅಲ್ಲಿ ಯಾವ ವಿಳಂಬವೂ ಇಲ್ಲ.

ಮೊನ್ನೆ ಆ ವಿಜಯಪುರದವನು ಬೈಕು ನಿಲ್ಲಿಸಿ, “ಹರಿವಿ ಚೊಲೋ ಬಂದಾವಲ್ಲ ಯವ್ವಾ, ಒಂದೀಟು ನೀರು ಕೊಡು” ಎಂದ. ನಾನು ಬಾವಿಯಿಂದ ಚೊಂಬು ತುಂಬಿ ತಂದೆ.

“ನಿನ್ನ ಪುಸ್ತಕ ಇದ್ಯಾ?”

“ಐತಿ. ಯಾಕ?”

“ಇಂದು ಈ ಜಾಗದಲ್ಲಿ ಹರಿವೆ ಕಂಡೆ ಅಂತ ಬರಿ. ನೀರು ಆಮೇಲೆ.”

ಅವನು ನಕ್ಕ. ನಾನು ನಗಲಿಲ್ಲ. ಅವನು ಕಿಸೆಯಿಂದ ಪೆನ್ನು ತೆಗೆಯುವವರೆಗೆ ಚೊಂಬನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.